ಬಾಡಿಗೆ ಮನೆಗೂ ಬೆಳೆಯಂತೆ ಲೆಕ್ಕ ಬರೆಯಿರಿ

"ಅಣ್ಣಾ, ಅರ್ಧ ಎಕರೆ ಅಡಿಕೆ ತೋಟ ತೆಗೆದು ಸಾಲಾಗಿ ಆರು ಮನೆ ಕಟ್ಟಿ ಬಾಡಿಗೆಗೆ ಬಿಟ್ರೆ ಹೆಂಗೆ? ತಿಂಗಳಾದ್ರೆ ದುಡ್ಡು, ಮಳೆ-ರೇಟಿನ ತಲೆನೋವಿಲ್ಲ." ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿ ಕೇಳಿದ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಈಗ ಇದೇ ಮಾತು. ಬೇಡ ಅನ್ನೋಕೆ ನನಗೆ ಬಾಯಿಲ್ಲ, ನಾನೇ ಎರಡು ಮನೆ ಕಟ್ಟಿಸಿದ್ದೀನಿ. ಅದಕ್ಕೇ ನನ್ನ ಲೆಕ್ಕವನ್ನೇ ಇಡ್ತೀನಿ.

ಜಾಗ ನಮ್ಮದೇ. ಎರಡು ಮನೆಗೆ 18 ಲಕ್ಷ ಖರ್ಚಾಯ್ತು, ಅದರಲ್ಲಿ 10 ಲಕ್ಷ ಬ್ಯಾಂಕ್ ಸಾಲ. ಶೇ 9.5 ಬಡ್ಡಿ, 15 ವರ್ಷ, ಕಂತು ತಿಂಗಳಿಗೆ 10,442 ರೂಪಾಯಿ. ಬಾಡಿಗೆ ತಲಾ 6,500. ಕೈಯಲ್ಲಿ ಎರಡೂವರೆ ಸಾವಿರ ಉಳೀತದೆ ಅಂತ ಖುಷಿಪಟ್ಟಿದ್ದೆ. ವರ್ಷದ ಕೊನೆಗೆ ನೋಡಿದ್ರೆ ಬೇರೆಯೇ ಕಥೆ. ಬರಬೇಕಾದದ್ದು 1,56,000. ಒಂದು ಮನೆ ಎರಡು ತಿಂಗಳು ಖಾಲಿ, 13,000 ಹೋಯ್ತು. ಬಣ್ಣ, ನಲ್ಲಿ, ಬಾಗಿಲ ರಿಪೇರಿಗೆ 12,000. ಮೋಟಾರ್ ಕರೆಂಟು, ಪಿಟ್ ಖಾಲಿ ಮಾಡಿಸಿದ್ದು 6,000. ಪಂಚಾಯ್ತಿ ಕಂದಾಯ 2,000. ಉಳಿದದ್ದು 1,23,000, ಕಂತು ಕಟ್ಟಿದ್ದು 1,25,304. ನಷ್ಟ ತುಂಬಿದ್ದು ನುಗ್ಗೆಕಾಯಿ.

ಅದು ಒಳ್ಳೆ ವರ್ಷ. ಮರುವರ್ಷ ಕಾರ್ಖಾನೆಯೊಂದು ಗುತ್ತಿಗೆ ಕೆಲಸಗಾರರನ್ನು ಕಡಿಮೆ ಮಾಡಿತು, ಎರಡೂ ಮನೆಯವರು ಒಂದೇ ತಿಂಗಳಲ್ಲಿ ಖಾಲಿ ಮಾಡಿದ್ರು. ಅವರ ಅಡ್ವಾನ್ಸ್ 80,000 ನಾನು ಡ್ರಿಪ್ ಪೈಪಿಗೆ ಹಾಕಿಬಿಟ್ಟಿದ್ದೆ. ಹೆಂಡತಿಯ ಬಳೆ ಅಡವಿಟ್ಟು ವಾಪಸ್ ಕೊಟ್ಟೆ. ಅಡ್ವಾನ್ಸ್ ನಮ್ಮ ದುಡ್ಡಲ್ಲ ಅನ್ನೋದು ಆವತ್ತು ಅರ್ಥವಾಯ್ತು. ಈಗ ಅದು ಬೇರೆ ಖಾತೆಯಲ್ಲಿದೆ, ಜೊತೆಗೆ ಆರು ಕಂತಿನಷ್ಟು ಹಣವೂ. ಒಂದೇ ಕಾರ್ಖಾನೆಯವರಿಗೆ ಎರಡೂ ಮನೆ ಕೊಡಲ್ಲ. ಒಂದರಲ್ಲಿ ಮೇಷ್ಟ್ರು ಇದ್ದಾರೆ.

ಕರಾರಿಲ್ಲದೆ ಬೀಗದ ಕೈ ಕೊಡಬೇಡಿ, ನೆಂಟರಾದರೂ ಸರಿ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸೋದು. ಮನೆ ಕೊಡುವ ದಿನ ಗೋಡೆ, ಸಿಂಕು, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಬಾಡಿಗೆದಾರರಿಗೂ ವಾಟ್ಸಾಪ್ ಮಾಡಿ. ಬಿಡುವಾಗ ಜಗಳವಿರಲ್ಲ.

ಸಾಗುವಳಿ ಜಮೀನಾದರೆ ಪಾಯ ತೆಗೆಯುವ ಮೊದಲು ಭೂಪರಿವರ್ತನೆ ಆಗಬೇಕು, ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ. ನಾವಿರೋಕೆ ತೋಟದ ಮನೆ ಬೇರೆ, ಬಾಡಿಗೆ ಮನೆ ಬೇರೆ. ಆಮೇಲೆ ಪಂಚಾಯ್ತಿಯ ಇ-ಸ್ವತ್ತು. ಇವಿಲ್ಲದಿದ್ರೆ ಬ್ಯಾಂಕ್ ಸಾಲವೂ ಕಷ್ಟ, ಮುಂದೆ ಮಾರೋದೂ ಕಷ್ಟ.

ಇನ್ನೊಂದು: ರೈತನಿಗೆ ಟ್ಯಾಕ್ಸ್ ಇಲ್ಲ ಅಂತ ಸುಮ್ಮನಿರಬೇಡಿ. ಬಾಡಿಗೆ ಕೃಷಿ ಆದಾಯ ಅಲ್ಲ. ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ರಿಪೇರಿ ಲೆಕ್ಕಕ್ಕೆ ಶೇ 30 ಬಿಡ್ತಾರೆ, ಸಾಲದ ಬಡ್ಡಿಯೂ ಕಳೆಯುತ್ತೆ.

ಆ ಹುಡುಗನಿಗೆ ಹೇಳಿದ್ದು ಇಷ್ಟೇ: ತೋಟ ಮುಟ್ಟಬೇಡ, ಕಡಿದ ಅಡಿಕೆ ಮತ್ತೆ ಫಲಕ್ಕೆ ಬರೋಕೆ ಐದಾರು ವರ್ಷ ಬೇಕು. ರಸ್ತೆ ಪಕ್ಕ ಖಾಲಿ ಬಿದ್ದಿರೋ ನಾಲ್ಕು ಗುಂಟೆಯಲ್ಲಿ ಮೊದಲು ಎರಡು ಮನೆ ಕಟ್ಟು. ಎರಡು ವರ್ಷದ ಲೆಕ್ಕ ನನಗೆ ಕಳಿಸು, ಮೂರನೆಯದರ ಮಾತು ಆಮೇಲೆ. "ಅಪ್ಪನ್ನ ಕೇಳಿ ಹೇಳ್ತೀನಿ ಅಣ್ಣಾ" ಅಂದ.