ಬೋರಿನ ಮೋಟರು: ಎಚ್.ಪಿ. ಒಂದನ್ನೇ ನೋಡಿದರೆ ಸಾಲದು

ಆದೋನಿ: ಬೋರಿಗೆ ಮೋಟರು ತರಲು ಆದೋನಿಗೋ ಸಿರುಗುಪ್ಪಕ್ಕೋ ಹೋದ ರೈತರು ಮೊದಲು ಕೇಳುವುದು 'ಎಷ್ಟು ಎಚ್.ಪಿ.?' ಎಂದು. ಅಂಗಡಿಯವರು 'ಹೆಡ್ ಎಷ್ಟು ಮೀಟರ್?' ಎನ್ನುತ್ತಾರೆ. ಡ್ರಿಪ್‌ನ ಗೇಜಿನಲ್ಲಿ ಕೆ.ಜಿ., ಪಿ.ಎಸ್.ಐ. ಎಂದಿರುತ್ತದೆ. ಕರೆಂಟು ಯೂನಿಟ್‌ನಲ್ಲಿ. ಗೊಂದಲವಾಗುವುದು ಸಹಜ. ಆದರೆ ಇವೆಲ್ಲ ಎರಡೇ ಬಗೆಯ ಲೆಕ್ಕ: ಒಂದು ಒತ್ತಡದ್ದು, ಇನ್ನೊಂದು ಶಕ್ತಿಯದು.

ಒತ್ತಡದ ಲೆಕ್ಕ

ಗೇಜಿನಲ್ಲಿ ಎರಡು ಸಾಲು ಅಂಕಿಗಳಿದ್ದರೂ ಹೇಳುವುದು ಒಂದನ್ನೇ; ಒಂದೇ ಮಾತನ್ನು ನಾವು ಕನ್ನಡದಲ್ಲೂ ತೆಲುಗಿನಲ್ಲೂ ಆಡಿದ ಹಾಗೆ.

* 1 ಕೆ.ಜಿ. (ಪ್ರತಿ ಚದರ ಸೆಂ.ಮೀ.ಗೆ) = 14.2 ಪಿ.ಎಸ್.ಐ.
* 1 ಬಾರ್ = 14.5 ಪಿ.ಎಸ್.ಐ.
* 10 ಮೀಟರ್ (ಸುಮಾರು 33 ಅಡಿ) ಎತ್ತರದ ನೀರು = 1 ಕೆ.ಜಿ.

ಮೋಟರು ನಡೆಯುವಾಗ ಬೋರಿನ ನೀರು 200 ಅಡಿಯಲ್ಲಿದೆ ಎನ್ನೋಣ. ಅದು 61 ಮೀಟರ್, ಅಂದರೆ 6.1 ಕೆ.ಜಿ. ಅಥವಾ 87 ಪಿ.ಎಸ್.ಐ. ಮೋಟರನ್ನು 300 ಅಡಿಗೆ ಇಳಿಸಿದ್ದರೂ ಹೆಡ್ ಲೆಕ್ಕ ಹಾಕುವುದು ನೀರಿನ ಮಟ್ಟದಿಂದ, ಮೋಟರು ಇರುವ ಆಳದಿಂದ ಅಲ್ಲ. ಡ್ರಿಪ್‌ಗೆ 1 ಕೆ.ಜಿ. ಒತ್ತಡ ಬೇಕಿದ್ದರೆ ಇನ್ನೂ 33 ಅಡಿ ಸೇರಿಸಬೇಕು. ಪೈಪಿನ ಉಜ್ಜುವಿಕೆಯ ನಷ್ಟ ಬೇರೆ.

ಶಕ್ತಿಯ ಲೆಕ್ಕ

ಎಚ್.ಪಿ. ಒತ್ತಡವಲ್ಲ, ಕೆಲಸ ನಡೆಯುವ ವೇಗ. 1 ಎಚ್.ಪಿ. ಎಂದರೆ 746 ವ್ಯಾಟ್. 1 ಕಿಲೋವ್ಯಾಟ್ ಒಂದು ಗಂಟೆ ನಡೆದರೆ 1 ಯೂನಿಟ್, ಅಂದರೆ 36 ಲಕ್ಷ ಜೌಲ್.

ಒತ್ತಡವನ್ನು ನೇರವಾಗಿ ಯೂನಿಟ್‌ಗೆ ಬದಲಿಸಲು ಬರುವುದಿಲ್ಲ. ಎಷ್ಟು ನೀರು ಎಂಬುದೂ ಗೊತ್ತಿರಬೇಕು. 1,000 ಲೀಟರ್ ನೀರನ್ನು 61 ಮೀಟರ್ ಎತ್ತಲು ಸುಮಾರು 6 ಲಕ್ಷ ಜೌಲ್, ಎಂದರೆ ಯೂನಿಟ್‌ನ ಆರನೇ ಒಂದು ಭಾಗ ಸಾಕು. ಆದರೆ ಮೋಟರು, ಪಂಪು ಎರಡರಲ್ಲೂ ನಷ್ಟವಿದೆ. ಎಳೆದ ಕರೆಂಟಿನಲ್ಲಿ ಶೇ. 40 ಮಾತ್ರ ನೀರಿಗೆ ದಕ್ಕಿದರೆ 0.4 ಯೂನಿಟ್ ಖರ್ಚು.

5 ಎಚ್.ಪಿ. ಮೋಟರು ಗಂಟೆಗೆ 5 ಯೂನಿಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಬರುವ ನೀರು ಸುಮಾರು 12,000 ಲೀಟರ್. ನೀರು 400 ಅಡಿಗೆ ಇಳಿದರೆ, ಆ ಹೆಡ್‌ಗೆ ಹೊಂದುವ ಪಂಪು ಹಾಕಿದರೂ 6,000 ಲೀಟರ್ ಅಷ್ಟೆ. ಕರೆಂಟು ಅಷ್ಟೇ, ನೀರು ಅರ್ಧ! ಆಂಧ್ರದಲ್ಲಿ 2004ರಲ್ಲಿ ಕೃಷಿಗೆ ಉಚಿತ ವಿದ್ಯುತ್ ಬಂದ ಮೇಲೆ ಈ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. ಆದರೆ ಕರೆಂಟು ಇರುವ ಗಂಟೆಗಳಲ್ಲಿ ನೆನೆಯುವ ಹೊಲ ಮಾತ್ರ ಕಡಿಮೆಯಾಗುತ್ತದೆ.

ಕೊಳ್ಳುವ ಮುನ್ನ

ಮೋಟರು ನಡೆಯುವಾಗ ನೀರು ಎಷ್ಟು ಅಡಿಯಲ್ಲಿ ನಿಲ್ಲುತ್ತದೆ, ಬೋರು ಗಂಟೆಗೆ ಎಷ್ಟು ನೀರು ಕೊಡುತ್ತದೆ ಎಂದು ತಿಳಿದುಕೊಂಡು ಹೋಗಿ. ಆ ಹೆಡ್‌ನಲ್ಲಿ ಪಂಪು ಎಷ್ಟು ಲೀಟರ್ ಎತ್ತುತ್ತದೆ ಎಂದು ಕಂಪನಿಯ ಚಾರ್ಟಿನಲ್ಲಿ ತೋರಿಸಲು ಕೇಳಿ. ಬೋರಿನಲ್ಲಿ ನೀರೇ ಕಡಿಮೆಯಿದ್ದರೆ ದೊಡ್ಡ ಪಂಪು ಹಾಕಿ ಲಾಭವಿಲ್ಲ. ನೀರಿಲ್ಲದೆ ಓಡಿದರೆ ಮೋಟರೇ ಸುಟ್ಟುಹೋಗುತ್ತದೆ.