ಹಳೆಯ ಜಾಹೀರಾತು ಮತ್ತು ಮಹಿಳಾ ಕೈಗಡಿಯಾರದ ಹೆಸರು

ಅಮೆರಿಕದ ಬುಲೋವಾ ಸಂಸ್ಥೆ 1953ರಲ್ಲಿ ತಯಾರಿಸಿದ ಮಹಿಳಾ ಕೈಗಡಿಯಾರವೊಂದರ ಡಯಲಿನ ಮೇಲೆ ಸಾಮಾನ್ಯವಾಗಿ ಕಾಣುವುದು ತಯಾರಕರ ಹೆಸರು ಮಾತ್ರ. ಹಿಂಬದಿಯ ಮುಚ್ಚಳದಲ್ಲಿ ಒಂದು ಕ್ರಮಸಂಖ್ಯೆ ಮತ್ತು ‘ಎಲ್ 3’ ಎಂಬ ಗುರುತು ಇರುತ್ತವೆ. ‘ಗಾಡೆಸ್ ಆಫ್ ಟೈಮ್’, ‘ಹರ್ ಎಕ್ಸೆಲೆನ್ಸಿ’ ಮೊದಲಾದ ಮಾದರಿಯ ಹೆಸರುಗಳು ಉಳಿದಿರುವುದು ಗಡಿಯಾರದಲ್ಲಲ್ಲ, ಅದನ್ನು ಮಾರಲು ಬರೆದ ಜಾಹೀರಾತಿನಲ್ಲಿ. ಆದ್ದರಿಂದ ಹೆಸರಿನ ಹುಡುಕಾಟವೆಂದರೆ ಒಂದು ವಸ್ತುವನ್ನೂ ಒಂದು ಪಠ್ಯವನ್ನೂ ಎದುರುಬದುರಾಗಿಟ್ಟು ಓದುವ ಕೆಲಸ.

ಮೊದಲು ಕಾಲವನ್ನು ನಿಶ್ಚಯಿಸಬೇಕು. ಬುಲೋವಾದಲ್ಲಿ ‘ಎಲ್’ ಅಕ್ಷರ 1950ರ ದಶಕವನ್ನೂ ‘ಎಂ’ 1960ರ ದಶಕವನ್ನೂ ಸೂಚಿಸುತ್ತದೆ. ಪಕ್ಕದ ಅಂಕಿ ವರ್ಷದ ಕೊನೆಯ ಅಂಕಿ. ಒಳಗಿನ ಯಂತ್ರದ ಮೇಲೂ ಇಂಥ ಗುರುತು ಇರುತ್ತದೆ. ಎರಡರ ನಡುವೆ ಹಲವು ವರ್ಷಗಳ ಅಂತರವಿದ್ದರೆ ಮುಚ್ಚಳವೋ ಯಂತ್ರವೋ ಬದಲಾಗಿದೆ ಎಂದು ಶಂಕಿಸಬೇಕು. ಜಾಹೀರಾತಿನ ಕಾಲವೂ ಹಲವೊಮ್ಮೆ ಅಸ್ಪಷ್ಟ, ಏಕೆಂದರೆ ಸಂಗ್ರಾಹಕರ ಕೈಗೆ ಬರುವುದು ಪತ್ರಿಕೆಯಿಂದ ಕತ್ತರಿಸಿದ, ದಿನಾಂಕವಿಲ್ಲದ ಹಾಳೆ. ಅಲ್ಲಿ ಬೆಲೆಯ ಕೆಳಗಿನ ಸಣ್ಣ ಅಕ್ಷರಗಳು ನೆರವಾಗುತ್ತವೆ. ಅಮೆರಿಕದಲ್ಲಿ ಆಭರಣ ಮತ್ತು ಗಡಿಯಾರಗಳ ಚಿಲ್ಲರೆ ಮಾರಾಟದ ಮೇಲೆ 1941ರಲ್ಲಿ ಬಂದ ಕೇಂದ್ರ ತೆರಿಗೆ 1965ರಲ್ಲಿ ರದ್ದಾಯಿತು. ‘ಬೆಲೆಯಲ್ಲಿ ಕೇಂದ್ರ ತೆರಿಗೆ ಸೇರಿದೆ’ ಎಂಬ ಸಾಲಿದ್ದರೆ ಆ ಹಾಳೆ ಈ ಅವಧಿಗೆ ಸೇರಿದ್ದೆಂದು ತಿಳಿಯಬಹುದು.

ಚಿತ್ರವನ್ನು ನಂಬುವುದಕ್ಕೂ ಮಿತಿಯಿದೆ. ಮಹಿಳೆಯರ ಗಡಿಯಾರಗಳು ಬೆರಳುಗುರಿನಷ್ಟು ಚಿಕ್ಕವು. ಜಾಹೀರಾತಿನ ಕಲಾವಿದ ಅವನ್ನು ಹಿಗ್ಗಿಸಿ, ತಿದ್ದಿ ಬರೆಯುತ್ತಿದ್ದ. ಹೀಗಾಗಿ ಅಳತೆ ವ್ಯರ್ಥ, ಎಣಿಕೆ ಉಪಯುಕ್ತ. ಡಯಲಿನಲ್ಲಿ ಹನ್ನೆರಡೂ ಅಂಕಿಗಳಿವೆಯೇ, 12 ಮತ್ತು 6 ಮಾತ್ರವೇ? ಪಟ್ಟಿ ಸಿಕ್ಕಿಸುವ ಕೊಂಡಿಗಳ ಮೇಲೆ ಹರಳುಗಳೆಷ್ಟು? ಅಂಚಿನ ಗೀರುಗಳು ಯಾವ ದಿಕ್ಕಿಗಿವೆ? ಯಂತ್ರದ ಜ್ಯುವೆಲ್‌ಗಳು 17ಓ 21ಓ? ಕೈಪಟ್ಟಿಯನ್ನಂತೂ ಕೊನೆಯ ಸಾಕ್ಷಿಯಾಗಿ ಪರಿಗಣಿಸಬೇಕು. ಅದು ಎಲ್ಲಕ್ಕಿಂತ ಮೊದಲು ಸವೆದು ಬದಲಾಗುವ ಭಾಗ.

ಹೆಸರುಗಳೂ ಸ್ಥಿರವಲ್ಲ. ಜನಪ್ರಿಯವಾದ ಒಂದೇ ಹೆಸರನ್ನು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಆಕಾರದ ಗಡಿಯಾರಗಳಿಗೆ ಇಡಲಾಗುತ್ತಿತ್ತು. ಒಂದೇ ಕೇಸು ಡಯಲು ಬದಲಾದೊಡನೆ ಹೊಸ ಹೆಸರು ಪಡೆಯುವುದೂ ಇತ್ತು. ಆಕಾರವೊಂದೇ ಹೊಂದಿದರೆ ‘ಇದನ್ನು ಹೋಲುತ್ತದೆ’ ಎಂದಷ್ಟೇ ಬರೆಯುವುದು ಪ್ರಾಮಾಣಿಕ ಕ್ರಮ. ಮಾರಾಟಗಾರ ಊಹಿಸಿ ಬರೆದ ಹೆಸರು ಮುಂದೆ ಸಂಗ್ರಹಾಲಯದ ಚೀಟಿಗೆ ಏರಿದರೆ, ನಂತರದವರು ಆ ಚೀಟಿಯನ್ನೇ ಆಧಾರವೆಂದು ಉಲ್ಲೇಖಿಸುತ್ತಾರೆ. ಹೆಸರಿಲ್ಲದ ಗಡಿಯಾರಕ್ಕಿಂತ ತಪ್ಪು ಹೆಸರಿನ ಗಡಿಯಾರವನ್ನು ಸರಿಪಡಿಸುವುದು ಬಹಳ ಕಷ್ಟ.

ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ವಿಷಯದಲ್ಲಿ ಸಮಸ್ಯೆ ತಿರುವುಮುರುವು. ಮಹಿಳೆಯರಿಗಾಗಿ ಮಾಡಿದ ‘ಸುಜಾತ’ದ ಹೆಸರು ಡಯಲಿನ ಮೇಲೆಯೇ ಓದಲು ಸಿಗುತ್ತದೆ. ಆದರೆ ಹಳೆಯ ಎಚ್‌ಎಂಟಿ ಗಡಿಯಾರಗಳಿಗೆ ಬೇಡಿಕೆ ಹೆಚ್ಚಿದಂತೆ ಡಯಲನ್ನು ಹೊಸದಾಗಿ ಬಣ್ಣ ಬಳಿದು ಮುದ್ರಿಸಿ ಮಾರುವುದು ಸಾಮಾನ್ಯವಾಗಿದೆ. ಕಾರ್ಖಾನೆ ಎಂದೂ ಬಳಸದ ಬಣ್ಣಗಳೂ ಬರಹಗಳೂ ಹೀಗೆ ಹುಟ್ಟಿಕೊಂಡಿವೆ. ಇಲ್ಲಿಯೂ ಮೂಲ ಡಯಲಿಗೆ ಸಾಕ್ಷಿ ಹೇಳಬಲ್ಲದ್ದು ಆ ಕಾಲದ ಜಾಹೀರಾತೇ. ಪತ್ರಿಕೆಗಳ ಸಂಪುಟ ಕಟ್ಟಿಸುವಾಗ ಹಲವು ಗ್ರಂಥಾಲಯಗಳು ಹೊದಿಕೆಯನ್ನೂ ಜಾಹೀರಾತಿನ ಪುಟಗಳನ್ನೂ ತೆಗೆದುಹಾಕಿವೆ. ಆದ್ದರಿಂದ ರಟ್ಟು ಕಟ್ಟಿದ ಸಂಪುಟಕ್ಕಿಂತ ಯಾರದೋ ಮನೆಯ ಅಟ್ಟದಲ್ಲಿ ಹೊದಿಕೆಯ ಸಮೇತ ಉಳಿದ ಬಿಡಿ ಸಂಚಿಕೆಯೇ ಈ ಕೆಲಸಕ್ಕೆ ಹೆಚ್ಚು ಬೆಲೆಯುಳ್ಳದ್ದು.