ಅಗ್ಗದ ಹಳೆ ಕಾರು: ಕೇಳಿದ್ದೆಲ್ಲ ನಿಜವಲ್ಲ

ಮಾರಾಟಕ್ಕಿರುವ ಹಳೆ ಕಾರುಗಳ ಜಾಹೀರಾತು ಹುಡುಕುವವರಲ್ಲಿ ಕೊಳ್ಳುವವರಿಗಿಂತ ಬರೀ ನೋಡುವವರೇ ಹೆಚ್ಚು. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ. ಮಹಾರಾಜರ ಕಾಲದ ಕಾರುಗಳನ್ನು ಕಣ್ತುಂಬ ನೋಡಬೇಕೆಂದರೆ ಧರ್ಮಸ್ಥಳಕ್ಕೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೋ ಹೋದರಾಯಿತು. ಸಂಬಳದ ಮೇಲೆ ಬದುಕುವವರ ಕೈಗೆಟಕುವ ಕ್ಲಾಸಿಕ್‌ಗಳೇ ಬೇರೆ: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸಾ, ಮೊದಮೊದಲ ಮಾರುತಿ 800. ಅಪ್ಪನೋ ಮಾವನೋ ಓಡಿಸಿದ್ದ ಗಾಡಿಗಳು ಇವು. ಪ್ರೀತಿ ಹೆಚ್ಚಾದ ಕಡೆ ಕಟ್ಟುಕತೆಯೂ ಹೆಚ್ಚು. ಕೊಳ್ಳಲು ಹೊರಟವರು ಬಾನೆಟ್ ಎತ್ತಿಸಿ ಎಂಜಿನ್ನಿನ ಸದ್ದು ಕೇಳುತ್ತಾರೆ, ಪೇಂಟಿನ ಹೊಳಪು ನೋಡುತ್ತಾರೆ, ದಾಖಲೆ ಕೇಳುವುದು ಅಡ್ವಾನ್ಸ್ ಕೊಟ್ಟ ಮೇಲೆ. ನನ್ನ ಪ್ರಕಾರ ನೋಡಬೇಕಾದದ್ದು ತಿರುಗಾಮುರುಗಾ: ಮೊದಲು ಕಾಗದ, ಆಮೇಲೆ ತಗಡು, ಕೊನೆಯಲ್ಲಿ ಎಂಜಿನ್.

‘ಹದಿನೈದು ವರ್ಷ ದಾಟಿದ ಕಾರು ಗುಜರಿಗೇ’

ಇದನ್ನು ನಂಬಿ ಒಳ್ಳೆಯ ಪದ್ಮಿನಿಯನ್ನು ತೂಕಕ್ಕೆ ಹಾಕಿದವರಿದ್ದಾರೆ. ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. 15 ವರ್ಷ ದಾಟಿದ ಸರ್ಕಾರಿ ವಾಹನಗಳಿಗೆ 2023ರ ಏಪ್ರಿಲ್‌ನಿಂದ ನೋಂದಣಿ ನವೀಕರಣವೂ ನಿಂತಿತು. ಈ ಎರಡು ಸುದ್ದಿ ಕಲಸಿಕೊಂಡು ಊರೆಲ್ಲ ಹರಡಿದ್ದೇ ಈ ನಂಬಿಕೆ.

ಕರ್ನಾಟಕದ ಖಾಸಗಿ ಕಾರಿಗೆ ಇವೆರಡೂ ಅನ್ವಯಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೊದಲ ನೋಂದಣಿಗೆ 15 ವರ್ಷ ಆಯಸ್ಸು. ಆಮೇಲೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿ, ತಪಾಸಣೆಯಲ್ಲಿ ಪಾಸಾದರೆ, ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಇಷ್ಟೇ ಸಲ ಎಂಬ ಮಿತಿ ಇಲ್ಲ. ಆದರೆ ಖರ್ಚು ಏರಿದೆ. 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದು 10,000 ರೂಪಾಯಿಗೆ ಏರಿತು. ವಿದೇಶದಿಂದ ತರಿಸಿದ ಕಾರಾದರೆ 80,000. ಇದರ ಜೊತೆಗೆ ಹಸಿರು ತೆರಿಗೆ. ಅವಧಿ ಮುಗಿದ ಮೇಲೂ ನವೀಕರಿಸದಿದ್ದರೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೆಳೆಯುತ್ತದೆ, ಅಂದರೆ ವರ್ಷಕ್ಕೆ 6,000. ‘ನಾಲ್ಕು ವರ್ಷದಿಂದ ಶೆಡ್ಡಿನಲ್ಲೇ ಇತ್ತು ಸಾರ್’ ಎಂದು ಮಾರುವವರು ಹೆಮ್ಮೆಯಿಂದ ಹೇಳುವಾಗ ಮನಸ್ಸಿನಲ್ಲೇ ಈ ಗುಣಾಕಾರ ಮಾಡಿಕೊಳ್ಳಿ.

ದೆಹಲಿಯ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ಅಗ್ಗಕ್ಕೆ ಬರುತ್ತವೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು, ಮರುನೋಂದಣಿ ಮಾಡಿಸಬೇಕು, ಲಾರಿ ಬಾಡಿಗೆ ಕೊಡಬೇಕು. ಇಷ್ಟೆಲ್ಲ ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಅದು ಅಗ್ಗ.

‘ಆರ್‌ಸಿ ಇದೆಯಲ್ಲ, ಸಾಕು’

ಸಾಲದು. ಆರ್‌ಸಿಯಲ್ಲಿ ಯಾರ ಹೆಸರಿದೆ ಎಂಬುದೇ ಮೊದಲ ಪ್ರಶ್ನೆ. ಹಳೆ ಕಾರುಗಳು ಕೈಯಿಂದ ಕೈಗೆ ದಾಟಿರುತ್ತವೆ, ಹೆಸರು ಮಾತ್ರ ಮೊದಲ ಮಾಲೀಕರದ್ದೇ ಉಳಿದಿರುತ್ತದೆ. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿರಬಹುದು, ಮಕ್ಕಳಲ್ಲಿ ಒಬ್ಬರು ಶಿವಮೊಗ್ಗದಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಬದುಕಿರುವ ಮಾಲೀಕರಿಂದ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ತೀರಿಹೋಗಿದ್ದರೆ ವಾರಸುದಾರರು ಫಾರಂ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಈ ಕೊಂಡಿ ಕಡಿದಿದ್ದರೆ ನಿಮ್ಮ ದುಡ್ಡು ಹೋಗುತ್ತದೆ, ಕಾರು ನಿಮ್ಮದಾಗುವುದಿಲ್ಲ.

‘ಕೆಎ’ ಸರಣಿಗೂ ಮುಂಚಿನ, ‘ಎಂವೈ’ ಎಂದು ಶುರುವಾಗುವ ನಂಬರ್ ಪ್ಲೇಟ್ ಕಂಡರೆ ಮನಸ್ಸು ಕರಗುತ್ತದೆ, ಗೊತ್ತು. ಅಂಥ ಗಾಡಿಯ ವಿವರ ಕಾಗದದ ಪುಸ್ತಕದಲ್ಲೇ ಉಳಿದು, ಕಂಪ್ಯೂಟರಿಗೆ ಏರದೇ ಇರಬಹುದು. ಹಾಗಾಗಿ ಸಾರಿಗೆ ಸಚಿವಾಲಯದ ಜಾಲತಾಣವಾದ ಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡಿ. ಅಲ್ಲಿ ಕಾಣದಿದ್ದರೆ ನೋಂದಣಿಯಾದ ಊರಿನ ಆರ್‌ಟಿಒಗೆ ಹೋಗಿ ಹಳೆ ದಾಖಲೆ ತೆಗೆಸುವ ಕೆಲಸ ಮಾರುವವರದ್ದಾಗಲಿ, ನಿಮ್ಮದಾಗುವುದು ಬೇಡ. ಯಾವತ್ತೋ ತೀರಿದ ಬ್ಯಾಂಕ್ ಸಾಲ ಆರ್‌ಸಿಯಲ್ಲಿ ಇನ್ನೂ ಜೀವಂತವಾಗಿರುವುದುಂಟು. ಅದನ್ನೂ ತೆಗೆಸಿಕೊಡಬೇಕು.

ಆಮೇಲೆ ಚಾಸಿ ನಂಬರ್, ಎಂಜಿನ್ ನಂಬರ್. ಒಂದು ಕಾಲದಲ್ಲಿ ಪೆಟ್ರೋಲ್ ಖರ್ಚಿಗೆ ಹೆದರಿ ಅಂಬಾಸಿಡರ್‌ಗೂ ಜೀಪಿಗೂ ಸಿಕ್ಕಸಿಕ್ಕ ಡೀಸೆಲ್ ಎಂಜಿನ್ ಕೂರಿಸಿದರು. ಆರ್‌ಸಿಯಲ್ಲಿ ಅದನ್ನು ಬರೆಸಿದವರು ಕೆಲವರು, ಬಿಟ್ಟವರು ಹಲವರು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದದಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನೊಳಗೆ ಡೀಸೆಲ್ ಗುಡುಗುತ್ತಿದ್ದರೆ ಅಲ್ಲಿಂದ ಎದ್ದು ಬರುವುದೇ ವಾಸಿ.

‘ಹಳೆಯದೆಲ್ಲ ವಿಂಟೇಜ್’

ಜಾಹೀರಾತಿನಲ್ಲಿ 1988ರ ಪದ್ಮಿನಿಯೂ ವಿಂಟೇಜ್, 1998ರ ಕಾಂಟೆಸಾವೂ ವಿಂಟೇಜ್. ನಿಯಮಗಳ ಲೆಕ್ಕ ಬೇರೆಯೇ ಇದೆ, ಅವೂ ಒಂದಕ್ಕೊಂದು ಹೊಂದುವುದಿಲ್ಲ. ಬ್ರಿಟನ್ನಿನ ಸಂಗ್ರಾಹಕರ ಕಟ್ಟುನಿಟ್ಟಿನ ಎಣಿಕೆಯಲ್ಲಿ 1930ರ ಕೊನೆಯೊಳಗೆ ತಯಾರಾದದ್ದು ಮಾತ್ರ ವಿಂಟೇಜ್. ನಮ್ಮ ಮೋಟಾರು ವಿಮೆಯ ಟ್ಯಾರಿಫ್ ಪ್ರಕಾರ 1940ರ ಡಿಸೆಂಬರ್ 31ಕ್ಕೆ ಮುಂಚಿನದು, ಅದೂ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರವಿದ್ದರೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಉಳಿದಿರುವ ವಾಹನ. ಹೀಗಾಗಿ 1968ರ ಫಿಯೆಟ್ 1100 ಒಂದು ಆರ್‌ಟಿಒಗೆ ವಿಂಟೇಜ್ ಆಗಬಹುದು, ವಿಮೆಯವರಿಗೆ ಬರೀ ಹಳೆ ಕಾರು.

ಆ 2021ರ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಈಗಾಗಲೇ ನೋಂದಣಿಯಿರುವ ಗಾಡಿ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಫೀಸಿಗೆ ಓಡಿಸುವ ಆಸೆಯಿದ್ದವರು ಆ ಪಟ್ಟಕ್ಕೆ ಆಸೆಪಡದೆ ಸಾಮಾನ್ಯ ನವೀಕರಣದಲ್ಲೇ ಇರುವುದು ಲೇಸು.

‘ಆಗಿನ ತಗಡು ದಪ್ಪ, ಡಿಕ್ಕಿ ಹೊಡೆದರೂ ಏನೂ ಆಗಲ್ಲ’

ತಗಡು ದಪ್ಪ ಎಂಬುದು ನಿಜ. ಅದರಿಂದ ಒಳಗಿರುವವರು ಬದುಕುತ್ತಾರೆ ಎಂಬುದು ಸುಳ್ಳು. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬುವನ್ನು ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿಸಿತು. ದೈತ್ಯನಂತಿದ್ದ ಬೆಲ್ ಏರ್‌ನ ಚಾಲಕನ ಜಾಗವೇ ಮುದ್ದೆಯಾಯಿತು. ಒಳಗೆ ಕೂರಿಸಿದ್ದ ಬೊಂಬೆಯ ಬದಲು ಮನುಷ್ಯನಿದ್ದಿದ್ದರೆ ಉಳಿಯುತ್ತಿರಲಿಲ್ಲ. ಮಾಲಿಬುವಿನ ಚಾಲಕನಿಗೆ ಕಾಲಿಗೊಂದು ಗಾಯವಾಗುತ್ತಿತ್ತು, ಅಷ್ಟೇ. ಹೊಸ ಕಾರಿನ ಮೂತಿ ನಜ್ಜುಗುಜ್ಜಾಗುವುದು ಕಳಪೆತನದಿಂದಲ್ಲ. ಹೊಡೆತದ ಶಕ್ತಿಯನ್ನು ತಾನು ಕುಡಿದು ಕ್ಯಾಬಿನ್ನನ್ನು ಉಳಿಸಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಅಂಬಾಸಿಡರ್ ಕೊಂಡವರು ಮೊದಲು ಸೀಟ್ ಬೆಲ್ಟ್ ಹಾಕಿಸಲಿ, ಬ್ರೇಕ್ ನೋಡಿಸಲಿ. ಸ್ಟೀರಿಯೋ ಆಮೇಲೆ.

ದಪ್ಪ ತಗಡಿಗೂ ತುಕ್ಕು ಹಿಡಿಯುತ್ತದೆ ಎಂಬುದು ಮರೆತುಹೋಗುವ ಇನ್ನೊಂದು ಮಾತು. ಅಂಬಾಸಿಡರ್‌ಗೂ ಪದ್ಮಿನಿಗೂ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ, ಜ್ಯಾಕ್ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಇಲ್ಲೆಲ್ಲ ತುಕ್ಕು ತಿಂದಿದ್ದರೆ ಕಾರಿನ ಬೆನ್ನುಮೂಳೆಯೇ ಹೋಯಿತು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಬೆಳೆದ ಗಾಡಿಗಿಂತ ಬಳ್ಳಾರಿ, ಕಲಬುರಗಿಯ ಒಣ ಹವೆಯಲ್ಲಿದ್ದ ಗಾಡಿಯ ತಗಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಪೇಂಟ್ ಮಾಸಿರಬಹುದು, ಇರಲಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸಿ. ಎಲ್ಲಿ ಕಚ್ಚುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ರಬ್ಬರ್ ಮ್ಯಾಟ್ ಎತ್ತಿಸಿ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ. ಮಾರುವವರು ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ. ಹೊಸದಾಗಿ ಬಳಿದು ಥಳಥಳಿಸುವ ಕಾರಿಗಿಂತ ಮಾಸಲು ಬಣ್ಣದ, ಮುಚ್ಚುಮರೆಯಿಲ್ಲದ ಕಾರಿಗೇ ನನ್ನ ಮತ.

‘ಎಂಜಿನ್ ಹೋದರೆ ಕತೆ ಮುಗಿಯಿತು, ಪಾರ್ಟ್ಸ್ ಸಿಗಲ್ಲ’

ಎಂಜಿನ್ನೇ ಸುಲಭ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ವಂಶದ್ದು. ಅದೇ ವಂಶದ ದೊಡ್ಡ ಎಂಜಿನ್ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಪದ್ಮಿನಿಯ 1089 ಸಿಸಿ ಎಂಜಿನ್ ದಶಕಗಟ್ಟಲೆ ಮುಂಬೈಯ ಟ್ಯಾಕ್ಸಿಗಳನ್ನು ಎಳೆದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಒಳ್ಳೆಯ ಲೇತ್ ಕೆಲಸದವರನ್ನು ಹಿಡಿದರೆ ಇವನ್ನು ಎಬ್ಬಿಸಿ ಕೂರಿಸಬಹುದು. ಸಿಗದಿರುವುದು ಗಾಜು, ಬೀಡಿಂಗ್, ಕ್ರೋಮ್ ಪಟ್ಟಿ, ಹಿಂದಿನ ಲೈಟಿನ ಕವರ್, ಬಾಗಿಲ ಹಿಡಿ. ಇವುಗಳಲ್ಲಿ ಏನೇನು ಇಲ್ಲವೆಂದು ಕೊಳ್ಳುವ ಮುಂಚೆ ಪಟ್ಟಿ ಮಾಡಿಕೊಳ್ಳಿ.

ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್‌ನದ್ದು ವಿಚಿತ್ರ ಪ್ರಕರಣ. ಮೂಲ ಟ್ರಯಂಫ್ ಹೆರಾಲ್ಡ್‌ಗೆ ಬ್ರಿಟನ್ನಿನಲ್ಲಿ ಇಂದಿಗೂ ಅಭಿಮಾನಿಗಳಿದ್ದಾರೆ, ಯಂತ್ರಭಾಗಗಳನ್ನು ಅಲ್ಲಿಂದ ತರಿಸಿಕೊಳ್ಳಬಹುದು. ಆದರೆ ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ್ದು ಭಾರತದಲ್ಲಿ ಮಾತ್ರ. ಅದರ ಹಿಂಬಾಗಿಲಿನ ಗಾಜೊಡೆದರೆ ಲಂಡನ್ನಿಗೆ ಬರೆದು ಫಲವಿಲ್ಲ, ಇನ್ನೊಂದು ಹೆರಾಲ್ಡ್ ಗುಜರಿಗೆ ಬೀಳುವುದನ್ನೇ ಕಾಯಬೇಕು.

ನಮ್ಮ ಬೆಂಗಳೂರಿನದೇ ಆದ ಸಿಪಾನಿ ಡಾಲ್ಫಿನ್ ಈಗ ಎಷ್ಟು ಜನರಿಗೆ ನೆನಪಿದೆಯೋ. ಎಂಬತ್ತರ ದಶಕದಲ್ಲಿ ಬಂದ ಎರಡು ಬಾಗಿಲಿನ ಪುಟ್ಟ ಕಾರು, ಬ್ರಿಟನ್ನಿನ ರಿಲಯಂಟ್ ಕಿಟನ್‌ನ ಅವತಾರ. ಎದುರಿಗೆ ಮಾರುತಿ 800 ಬಂದು ನಿಂತ ಮೇಲೆ ತಲೆ ಎತ್ತಲಾಗಲಿಲ್ಲ. ಅದರ ಬಾಡಿ ಫೈಬರ್‌ನದ್ದು, ತುಕ್ಕಿನ ಮಾತೇ ಇಲ್ಲ ಎಂದು ಹೇಳುತ್ತಾರೆ. ಬಾಡಿಯ ಮಟ್ಟಿಗೆ ಹೌದು. ಅದರಡಿಯ ಚಾಸಿ ಉಕ್ಕಿನದು, ಅದಕ್ಕೆ ತುಕ್ಕು ಬರುತ್ತದೆ. ಅಯಸ್ಕಾಂತ ಅಲ್ಲಿ ಉಪಯೋಗಕ್ಕೆ ಬಾರದು, ಟಾರ್ಚ್ ಬೇಕು.

‘ಹೆಚ್ಚು ಓಡಿಲ್ಲ, ಹಾಗಾಗಿ ಹೊಸದರಂತಿದೆ’

ಹಳೆ ಮೀಟರುಗಳಲ್ಲಿ ಸಾಮಾನ್ಯವಾಗಿ ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆ. ಮೀಟರ್ ನಿಜವೇ ಹೇಳಿದರೂ, ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಬ್ರೇಕ್ ಆಯಿಲ್ ತೇವ ಹೀರಿ ವೀಲ್ ಸಿಲಿಂಡರ್‌ಗಳು ಹಿಡಿದುಕೊಳ್ಳುತ್ತವೆ, ಆಯಿಲ್ ಸೀಲ್‌ಗಳು ಒಣಗಿ ಬಿರಿಯುತ್ತವೆ. ಟೈರಿನ ಗುಂಡಿ ಆಳವಾಗಿದ್ದರೂ ರಬ್ಬರ್ ಸತ್ತಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ ಅದು 2014ರ 23ನೇ ವಾರದ್ದು.

‘ಹಳೆ ಎಂಜಿನ್, ಯಾವ ಪೆಟ್ರೋಲ್ ಆದರೂ ನಡೆಯುತ್ತೆ’

ಈ ಕಾರುಗಳು ಸೀಸದ ಪೆಟ್ರೋಲ್ ಕಾಲದವು. 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ಕಬ್ಬಿಣದ ಸಿಲಿಂಡರ್ ಹೆಡ್ ಇರುವ ಎಂಜಿನ್ನುಗಳಲ್ಲಿ ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ನಿಧಾನವಾಗಿ ಓಡಿಸಿದರೆ ತೊಂದರೆ ಕಡಿಮೆ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒತ್ತಿದರೆ ಸವೆತ ಹೆಚ್ಚು. ಹೆಡ್ ಬಿಚ್ಚಿದಾಗಲೇ ಲೇತ್‌ನಲ್ಲಿ ಗಟ್ಟಿ ಸೀಟ್ ಕೂರಿಸಿದರೆ ಮುಗಿಯಿತು.

ಇವತ್ತಿನ ತಲೆನೋವು ಎಥೆನಾಲ್. ಬಂಕಿನ ಪೆಟ್ರೋಲಿನಲ್ಲಿ ಈಗ ಅದು ಶೇ 20ರಷ್ಟಿದೆ. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳನ್ನು ಅದು ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನ ತಳಕ್ಕೆ ನೀರು ಇಳಿಸುತ್ತದೆ. ಕಾರ್ಬ್ಯುರೇಟರ್‌ಗೆ ತಾನಾಗಿ ಹೊಂದಿಕೊಳ್ಳುವ ಬುದ್ಧಿ ಇಲ್ಲ, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಎಥೆನಾಲ್ ತಾಳುವ ಪೈಪುಗಳನ್ನು ಹಾಕಿಸಿ, ಜೆಟ್ ಹೊಂದಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಖಾಲಿ ಮಾಡಿಸಿ. ಎಂಜಿನ್ ಬಿಸಿಯಿರುವಾಗ ಪೆಟ್ರೋಲ್ ಪೈಪು ಸೋರಿದರೆ ಬೆಂಕಿಯೇ.

‘ಇವತ್ತು ಕೊಂಡರೆ ನಾಳೆ ಡಬಲ್’

ಉತ್ತರಪಾರಾದಲ್ಲಿ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. 2017ರಲ್ಲಿ ಆ ಹೆಸರನ್ನು ಪ್ಯೂಜೋ 80 ಕೋಟಿ ರೂಪಾಯಿಗೆ ಕೊಂಡಿತು. ಹಾಗೆಂದು ನಿಮ್ಮ ಶೆಡ್ಡಿನಲ್ಲಿರುವ ಅಂಬಾಸಿಡರ್‌ನ ಬೆಲೆ ಏರುವುದಿಲ್ಲ. ದುಬಾರಿಯಾಗುವುದು ಅಪರೂಪದವು, ಚರಿತ್ರೆಯಿರುವವು, ಮೂಲರೂಪದಲ್ಲಿ ಉಳಿದವು. ಲಕ್ಷಗಟ್ಟಲೆ ತಯಾರಾದ ಕಾರಿಗೆ ಟಿಂಕರಿಂಗ್, ಪೇಂಟಿಂಗ್, ಕ್ರೋಮ್ ಎಂದು ಸುರಿದ ಹಣ ಮಾರುವಾಗ ವಾಪಸು ಬರುವುದು ಅಪರೂಪ. ಮೂಗಿಗಿಂತ ಮೂಗುತಿ ಭಾರ. ಆ ಖರ್ಚಿಗೆ ಒಂದಿಷ್ಟು ರಕ್ಷಣೆ ಸಿಗುವುದು ವಿಮೆಯಲ್ಲಿ: ಐದು ವರ್ಷ ದಾಟಿದ ಕಾರಿನ ಬೆಲೆಯನ್ನು ಕಂಪನಿಯವರೂ ಮಾಲೀಕರೂ ಮಾತಾಡಿ ಒಪ್ಪಿಕೊಳ್ಳಬಹುದು. ಗ್ಯಾರೇಜಿನ ಬಿಲ್ಲು, ಕೆಲಸದ ಮುಂಚಿನ ಮತ್ತು ಆಮೇಲಿನ ಫೋಟೋ ಇಟ್ಟುಕೊಂಡು ಹೋದರೆ ಆ ಮಾತುಕತೆ ನಡೆಯುತ್ತದೆ. ಬರಿಗೈಯಲ್ಲಿ ಹೋದವರ ಕಾರಿಗೆ ಅವರು ಗುಜರಿಯ ಬೆಲೆಯನ್ನೇ ಬರೆದುಕೊಟ್ಟಾರು.